ನಾವು ಒರೆಸಿಹಾಕಿದ ಗ್ಯಾಲಕ್ಸಿಗಳು

ಮೊನ್ನೆ ಮೇಜಿನ ಖಾನೆ ಜಾಲಾಡುವಾಗ ಒಂದು ಬ್ರಷ್ ಸಿಕ್ಕಿತು. ಬ್ರಷ್ ಎಂದ ಕೂಡಲೇ ಗೋಡೆಗೆ ಬಣ್ಣ ಬಳಿಯುವ ಪೊರಕೆಯಂಥದ್ದನ್ನು ನೆನೆಸಿಕೊಳ್ಳಬೇಡಿ. ಪೆನ್ಸಿಲ್ಲಿಗಿಂತ ತೆಳುವಾದ ಹಿಡಿ, ತುದಿಯಲ್ಲಿ ಎಣಿಸಿ ಹತ್ತು ಹನ್ನೆರಡು ಕೂದಲು. ಅದರಲ್ಲೂ ಅರ್ಧ ಉದುರಿ, ಈಗ ಹೆಚ್ಚುಕಡಿಮೆ ನನ್ನ ತಲೆಯ ಸ್ಥಿತಿಗೆ ಬಂದಿದೆ.

‘ಎಸೀರಿ ಅತ್ಲಾಗೆ’ ಎಂದಳು ನನ್ನ ಹೆಂಡತಿ ಲಲಿತಾ.

‘ಎಸೆಯೋದಾ? ಈ ಬ್ರಷ್ಷಿಂದ ಕಣೇ ಈ ಮನೆ ಕಟ್ಟಿದ್ದು.’

‘ಅದಕ್ಕೇ ಗೋಡೆ ಇಷ್ಟು ತೆಳ್ಳಗಿರೋದು’ ಎಂದು ಒಳಗೆ ಹೋದಳು.

ನಾನು ಫೋಟೊ ಸ್ಟುಡಿಯೋದವನು. ಈಗ ಅಂಗಡಿ ಮುಚ್ಚಿ ಮನೆಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಕೆಲಸಕ್ಕೆ ಸೇರಿದ್ದೇನೆ. ಆ ಬ್ರಷ್ ಫೋಟೊಗಳ ಮೇಲಿನ ಚುಕ್ಕೆ ಮುಚ್ಚುವುದಕ್ಕೆ. ಹಳೆಯ ಕಾಲದಲ್ಲಿ ನೆಗೆಟಿವ್ ಮೇಲೆ ಒಂದು ಕಣ ಧೂಳು ಕೂತರೂ ಪ್ರಿಂಟಿನಲ್ಲಿ ಬಿಳಿಯ ಚುಕ್ಕೆ ಬೀಳುತ್ತಿತ್ತು. ಅದೂ ಸರಿಯಾಗಿ ಮದುಮಗಳ ಮೂಗಿನ ಮೇಲೇ ಬೀಳುತ್ತಿತ್ತು, ಧೂಳಿಗೂ ಒಂದು ರುಚಿ ಇರುತ್ತದೆ. ಒಣಗಿದ ಇಂಕನ್ನು ಬ್ರಷ್ಷಿನ ತುದಿಗೆ ತಾಗಿಸಿ, ಅದನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಉಸಿರು ಬಿಗಿಹಿಡಿದು ಆ ಚುಕ್ಕೆಯ ಮೇಲೆ ಇಡಬೇಕು. ಹೀಗೆ ಎಷ್ಟೋ ವರ್ಷ ಇಂಕು ನೆಕ್ಕಿದ್ದೇನೆ. ಇವತ್ತಿಗೂ ನನ್ನ ನಾಲಿಗೆ ಕರಿನಾಲಿಗೆ ಎಂದು ಅತ್ತೆಮನೆಯವರು ಹೇಳುವುದು ಬೇರೆ ಕಾರಣಕ್ಕೆ.

ನಾನು ಹುಟ್ಟಿ ಬೆಳೆದದ್ದು ಶ್ರೀನಗರದ ಒಂದು ವಠಾರದಲ್ಲಿ. ಏಳು ಮನೆಗಳಿಗೆ ಒಂದು ನಲ್ಲಿ, ಒಂದು ತಾರಸಿ. ಬೇಸಿಗೆಯಲ್ಲಿ ಮಕ್ಕಳಿಗೆಲ್ಲ ತಾರಸಿಯ ಮೇಲೇ ಹಾಸಿಗೆ. ಆಗ ಬೆಂಗಳೂರಿನ ಆಕಾಶದಲ್ಲಿ ನಕ್ಷತ್ರಗಳಿದ್ದವು, ಅಂದರೆ ಕಾಣುತ್ತಿದ್ದವು. ನಾನು ಎಣಿಸಲು ಶುರುಮಾಡಿದರೆ ಅಜ್ಜಿ, ‘ಎಣಿಸ್ಬೇಡ್ವೋ, ಮೈಮೇಲೆಲ್ಲ ನರೂಲಿ ಏಳುತ್ತೆ’ ಎಂದು ಹೆದರಿಸುತ್ತಿದ್ದಳು. ಎಷ್ಟು ನಕ್ಷತ್ರಕ್ಕೆ ಎಷ್ಟು ನರೂಲಿ ಎಂದು ನಾನು ಕೇಳಿದೆ. ಒಂದಕ್ಕೆ ಒಂದು ಎಂದಳು. ಆಗಲ್ಲ ಎಂದೆ. ಹತ್ತಕ್ಕೆ ಒಂದು ಎಂದಳು. ಕೊನೆಗೆ ಐವತ್ತಕ್ಕೆ ಒಂದು ಎಂಬಲ್ಲಿಗೆ ಅಜ್ಜಿಯನ್ನು ಇಳಿಸಿದೆ. ದಿನಾ ನಲವತ್ತೊಂಬತ್ತು ಎಣಿಸಿ ಮಗ್ಗುಲಾಗಿ ಮಲಗಿಬಿಡುತ್ತಿದ್ದೆ. ನನ್ನ ವ್ಯಾಪಾರದ ಬುದ್ಧಿ ಶುರುವಾದದ್ದು ಅಲ್ಲಿಂದ, ಖಗೋಳ ವಿಜ್ಞಾನ ನಿಂತದ್ದೂ ಅಲ್ಲಿಗೇ.

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ನನ್ನನ್ನು ಬೇಡವೆಂದಿತು. ಗಾಂಧಿಬಜಾರಿನ ಒಂದು ಸ್ಟುಡಿಯೋ ಬಾ ಎಂದಿತು. ಅಲ್ಲಿನ ಮೇಷ್ಟ್ರು ಕಲಿಸಿದ್ದು ಒಂದೇ ವಾಕ್ಯ: ‘ಚುಕ್ಕೆ ಕಂಡ್ರೆ ಮುಚ್ಚು, ಕೇಳ್ಕೊಂಡು ಕೂತ್ಕೋಬೇಡ.’ ಮುಚ್ಚಿದೆ. ವಧುಪರೀಕ್ಷೆಗೆಂದು ತೆಗೆಸಿದ ಒಂದು ಹುಡುಗಿಯ ಫೋಟೊದಲ್ಲಿ ಗಲ್ಲದ ಮೇಲೆ ಚುಕ್ಕೆ ಇತ್ತು, ಮುಚ್ಚಿದೆ. ಅದು ಆಕೆಯ ಮಚ್ಚೆ. ಗಂಡಿನ ಕಡೆಯವರು ಹನುಮಂತನಗರದ ಅವರ ಮನೆಗೆ ಹೋಗಿ, ಕಾಫಿ ತಂದಿಟ್ಟ ಹುಡುಗಿಯನ್ನು ನೋಡಿ, ‘ಸರಿ, ಈಗ ಫೋಟೊದಲ್ಲಿರೋ ಹುಡುಗೀನ ಕರೀರಿ’ ಎಂದರಂತೆ. ಹುಡುಗಿಯ ಸೋದರತ್ತೆ ಸ್ಟುಡಿಯೋಗೆ ಬಂದು ಕೂಗಾಡಿದ್ದು ಕೇಳಿ ಇಡೀ ಬೀದಿಗೆ ನನ್ನ ಕೆಲಸದ ಪರಿಚಯವಾಯಿತು. ಆಶ್ಚರ್ಯವೆಂದರೆ ಹುಡುಗ ಒಪ್ಪಿಬಿಟ್ಟ. ಮಚ್ಚೆ ಇದ್ದರೇ ಚೆನ್ನಾಗಿದೆ ಎಂದನಂತೆ. ನಾನು ಇದರಿಂದ ಪಾಠ ಕಲಿಯಬೇಕಿತ್ತು. ಕಲಿತೆ ಕೂಡ: ವಧುಪರೀಕ್ಷೆಯ ಫೋಟೊ ಕೊಡುವಾಗಲೇ ಮದುವೆ ಆಲ್ಬಮ್ಮಿನ ಮಾತನ್ನೂ ಆಡಿಟ್ಟುಕೊಳ್ಳಬೇಕು ಎಂದು.

ತೊಂಬತ್ತನಾಲ್ಕರಲ್ಲಿ ಜಯನಗರದಲ್ಲಿ ಸ್ವಂತ ಅಂಗಡಿ ತೆರೆದೆ. ಹತ್ತು ವರ್ಷಕ್ಕೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಬಸವರಾಜ ಬಂದ. ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ರೂಮು. ಫೋಟೊ ತಿದ್ದುವುದರಲ್ಲಿ ಅವನಂಥ ಕೈ ಇನ್ನೊಂದಿಲ್ಲ. ಅವನು ಮೌಸ್ ಹಿಡಿದರೆ ಮೊಡವೆ, ಸುಕ್ಕು, ಸಿಡುಬಿನ ಕಲೆ ಎಲ್ಲ ಮಾಯ. ಬನಶಂಕರಿಯ ಒಬ್ಬ ರಿಟೈರ್ಡ್ ಯಜಮಾನರು ತಮ್ಮ ಫೋಟೊ ನೋಡಿ, ‘ಚೆನ್ನಾಗಿದೆ, ಯಾರಿದು?’ ಎಂದು ಕೇಳಿದ್ದರು.

ಅಂಗಡಿಗೆ ನಾನು ಎರಡು ನಿಯಮ ಮಾಡಿದ್ದೆ. ಒಂದು, ಯಾವ ಚಿತ್ರವೇ ಬರಲಿ, ಬಂದದ್ದಕ್ಕಿಂತ ಚೊಕ್ಕಟವಾಗಿ ವಾಪಸ್ ಹೋಗಬೇಕು. ಎರಡು, ಗಿರಾಕಿ ಅಳಿಸಿ ಬರೆಯುವಂಥ ಸೀಡಿ ತಂದರೆ, ಹಳೆಯದನ್ನು ಅಳಿಸಿ ತಿದ್ದಿದ್ದನ್ನೇ ಅದರಲ್ಲಿ ತುಂಬಿ ಕೊಡಬೇಕು. ಇಲ್ಲದಿದ್ದರೆ ಯಾರೋ ಹಳೆಯ ಮುಖವನ್ನು ಇನ್ನೊಂದು ಕಡೆ ಪ್ರಿಂಟ್ ಹಾಕಿಸಿ, ನಮ್ಮ ಕೆಲಸ ಇಷ್ಟೇ ಎಂದು ಊರೆಲ್ಲ ತೋರಿಸುತ್ತಾರೆ. ಬಸವರಾಜ ಈ ಎರಡನ್ನೂ ಸಂಧ್ಯಾವಂದನೆಯಂತೆ ಪಾಲಿಸುತ್ತಿದ್ದ. ನಿಮಗೊಂದು ಬಿಟ್ಟಿ ಸಲಹೆ: ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಕೆಲಸಗಾರ ಸಿಕ್ಕರೆ, ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸಿ.

ಇಂಥ ಅಂಗಡಿಗೆ ಒಂದು ದಿನ ಸರೋಜಾ ಮೇಡಂ ಬಂದರು. ನಮ್ಮ ಹಿಂದಿನ ರಸ್ತೆಯ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಸಂಶೋಧನೆಯಲ್ಲಿರುವ ಅವರ ಅಣ್ಣ ಯಾವುದೋ ಚಿತ್ರವನ್ನು ಸೀಡಿಗೆ ಹಾಕಿಕೊಟ್ಟಿದ್ದರು. ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಅದರ ದೊಡ್ಡ ಪ್ರಿಂಟು ಬೇಕು. ಕಂಪ್ಯೂಟರಿನಲ್ಲಿ ತೆರೆದು ನೋಡಿದೆ.

‘ಏನ್ ಮೇಡಂ ಇದು, ಕಪ್ಪು ಸೀರೆ ಮೇಲೆ ಜರಿ ಉದುರಿದ ಹಾಗಿದೆ?’

‘ಆಕಾಶ ಕಣ್ರೀ. ಅದೂ ಏನೂ ಇಲ್ಲ ಅಂದ್ಕೊಂಡಿದ್ದ ಜಾಗ. ಕೈ ಚಾಚಿ ಒಂದು ಸಾಸಿವೆ ಕಾಳು ಹಿಡಿದ್ರೆ ಎಷ್ಟು ಮರೆಯಾಗುತ್ತೋ ಅಷ್ಟೇ. ಭೂಮಿ ಸುತ್ತ ತಿರುಗ್ತಿರೋ ದೂರದರ್ಶಕ ಅದನ್ನೇ ದಿನಗಟ್ಟಲೆ ನೋಡಿ ನೋಡಿ ತೆಗೆದ ಫೋಟೊ ಇದು. ಇದರಲ್ಲಿರೋದು ಒಂಟಿ ನಕ್ಷತ್ರಗಳಲ್ಲ, ಸಾವಿರಾರು ಗ್ಯಾಲಕ್ಸಿ. ಒಂದೊಂದರಲ್ಲೂ ಕೋಟ್ಯಂತರ ನಕ್ಷತ್ರ.’

ದಿನಗಟ್ಟಲೆ ಒಂದೇ ಫೋಟೊ! ನನಗೆ ಹೊಟ್ಟೆಕಿಚ್ಚಾಯಿತು. ಧಾರೆ ಎರೆಯುವಾಗ ಒಂದು ಕ್ಷಣ ಹೆಚ್ಚು ನಿಂತರೆ ಪುರೋಹಿತರು ಮೊಣಕೈಯಲ್ಲಿ ತಿವಿಯುತ್ತಾರೆ.

ಬೆಲೆಯ ಮಾತು ಬಂತು. ‘ಮುಕ್ಕಾಲು ಪಾಲು ಕಪ್ಪೇ ಇದೆ, ಕಪ್ಪಿಗೂ ದುಡ್ಡಾ?’ ಎಂದರು ಮೇಡಂ. ‘ಕಪ್ಪಿಗೇ ಮೇಡಂ ಜಾಸ್ತಿ ಖರ್ಚು’ ಎಂದೆ. ಅವರು ಬ್ಯಾಗು ಹೆಗಲಿಗೆ ಹಾಕಿ ಎದ್ದರು. ನನ್ನದೊಂದು ಕ್ರಮವಿದೆ: ಗಿರಾಕಿ ಎದ್ದಾಗ ತಡೆಯಬಾರದು, ಎರಡನೇ ಮೆಟ್ಟಿಲಿಗೆ ಇಳಿದ ಮೇಲೆ ಕರೆಯಬೇಕು. ಮೇಡಂ ಎರಡನೇ ಮೆಟ್ಟಿಲಿಗೆ ಇಳಿದು ನಿಂತು, ತಿರುಗಿ, ‘ಕರೀರಿ ಬೇಗ, ನನಗೆ ಬಸ್ಸಿಗೆ ಹೊತ್ತಾಯ್ತು’ ಎಂದರು. ಜನ್ಮದಲ್ಲಿ ಮೊದಲ ಸಲ ಗಿರಾಕಿ ಹೇಳಿದ ಬೆಲೆಗೆ ಒಪ್ಪಿದೆ.

ಮೊದಲು ತೆಗೆದ ಪ್ರಿಂಟಿನ ಬಣ್ಣ ಸ್ವಲ್ಪ ಹಸಿರಿಗೆ ಹೊಡೆದಿತ್ತು. ‘ಬಣ್ಣ ಸರಿಮಾಡಿ ಇನ್ನೊಂದು ಹಾಕಿಕೊಡ್ತೀನಿ’ ಎಂದೆ. ಅಲ್ಲಿಯವರೆಗೆ ಕೆಲಸ ನಿಲ್ಲುವುದು ಬೇಡವೆಂದು ಮೇಡಂ ತಮ್ಮ ಹತ್ತನೇ ಕ್ಲಾಸಿನ ರತ್ನಾಳನ್ನು ಕಳಿಸಿದರು. ಅರೆಕೆರೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ. ಶಾಲೆ ಬಿಟ್ಟ ಮೇಲೆ ನಮ್ಮ ಕೌಂಟರಿನ ಮೇಲೆ ಆ ಹಸಿರು ಪ್ರಿಂಟು ಹಾಸಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ನೆಗೆಟಿವ್ ನೋಡುವ ನನ್ನ ಭೂತಗನ್ನಡಿಯಲ್ಲಿ ಹುಡುಕಿ ಹುಡುಕಿ ಸ್ಕೆಚ್ ಪೆನ್ನಿನಿಂದ ಹಾಳೆಯ ಮೇಲೆ ಸುತ್ತು ಹಾಕುತ್ತಿದ್ದಳು. ಸುಮ್ಮನಿರುವುದು ನನಗೆ ಆಗದು.

‘ಯಾಕಮ್ಮ ಇಷ್ಟು ಚಿಕ್ಕ ಚಿಕ್ಕವನ್ನೇ ಹುಡುಕ್ತೀಯ? ಇಲ್ನೋಡು, ಚಕ್ಕುಲಿ ಥರ ಎಷ್ಟು ಚೆನ್ನಾಗಿದೆ.’

‘ಅದು ಹತ್ತಿರದ್ದು ಅಂಕಲ್. ಈ ಕೆಂಪು ಚುಕ್ಕೆಗಳೇ ತುಂಬ ದೂರದ್ದು. ಅಲ್ಲಿಂದ ಹೊರಟ ಬೆಳಕು ನಮ್ಮನ್ನ ತಲುಪೋಕೆ ಸಾವಿರ ಕೋಟಿ ವರ್ಷಕ್ಕೂ ಜಾಸ್ತಿ ಹಿಡಿದಿದೆ. ಮೊಟ್ಟಮೊದಲು ಹುಟ್ಟಿದವುಗಳ ಪೈಕಿ ಇವು.’

‘ಅಷ್ಟು ಹಳೇದು ಅಂದ್ರೆ ಇಷ್ಟೊತ್ತಿಗೆ ಕೆಟ್ಟು ಹೋಗಿರಲ್ವಾ?’

‘ಹೋಗಿರಬಹುದು. ನಮಗೆ ಕಾಣ್ತಿರೋದು ಅವು ಮಗು ಆಗಿದ್ದಾಗಿನ ಫೋಟೊ.’

ಇದು ನನಗೆ ಥಟ್ಟನೆ ಅರ್ಥವಾಯಿತು. ಷಷ್ಟ್ಯಬ್ದಿ ಪೂರ್ತಿಗೆ ನಾಮಕರಣದ ಫೋಟೊ ತಂದು ದೊಡ್ಡದು ಮಾಡಿ ಎನ್ನುವವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ‘ಕೆಂಪು ಯಾಕೆ?’ ಎಂದೆ. ಜಗತ್ತು ಹಿಗ್ಗುತ್ತಿದೆಯಂತೆ, ದಾರಿಯಲ್ಲಿರುವ ಬೆಳಕೂ ಜೊತೆಗೆ ಹಿಗ್ಗುತ್ತದಂತೆ, ಹಿಗ್ಗಿದ ಬೆಳಕು ಕೆಂಪಾಗುತ್ತದಂತೆ. ಹಿಗ್ಗಿದ್ದೆಲ್ಲ ಸಡಿಲವಾಗುವುದನ್ನು ನಾನು ಬನಿಯನ್ನುಗಳಲ್ಲಿ ಕಂಡಿದ್ದೆ, ಕೆಂಪಾಗುವುದು ಗೊತ್ತಿರಲಿಲ್ಲ.

ನಾಲ್ಕನೆಯ ದಿನಕ್ಕೆ ನಲವತ್ತೊಂದು ಸುತ್ತುಗಳಾಗಿದ್ದವು. ‘ಇಷ್ಟೆಲ್ಲ ಯಾಕಮ್ಮ ಒದ್ದಾಡ್ತಿದೀಯ?’ ಎಂದು ಕೇಳಿದ್ದಕ್ಕೆ ವಿಷಯ ಹೊರಬಂತು. ಅವಳ ಅಪ್ಪ ಮುನಿರಾಜಪ್ಪ ಅರೆಕೆರೆಯ ಹಳೆಯ ಬೇಸಾಯಗಾರರು. ಹೊಲದಲ್ಲಿ ಮನೆಗಳೆದ್ದ ಮೇಲೆ ಈಗ ಹಾರ್ಡ್‌ವೇರ್ ಅಂಗಡಿ.

‘ಫಸ್ಟ್ ಪ್ರೈಜ್ ಬಂದ್ರೆ ಪಿಯುಸಿಗೆ ಸೈನ್ಸು. ಇಲ್ದಿದ್ರೆ ಕಾಮರ್ಸು, ಸಾಯಂಕಾಲ ನಮ್ಮ ಅಂಗಡಿ ಗಲ್ಲಾ ಮೇಲೆ ಕೂರೋದು. ಅಪ್ಪಂಗೂ ನಂಗೂ ಹಂಗೆ ಮಾತಾಗಿದೆ.’

‘ಅಂಥ ವ್ಯಾಪಾರಕ್ಕೆ ಯಾರಾದ್ರೂ ಒಪ್ತಾರಾ? ಫಸ್ಟ್ ಇಲ್ಲಾ ಸೆಕೆಂಡ್ ಅನ್ನಬೇಕಿತ್ತು.’

‘ಮೊದಲು ಸೈನ್ಸ್ ಅನ್ನೋ ಮಾತೇ ಬೇಡ ಅಂತಿದ್ರು ಅಂಕಲ್. ಇಷ್ಟಕ್ಕೆ ಇಳಿಸೋಕೇ ಎರಡು ತಿಂಗಳಾಯ್ತು.’

ಹುಡುಗಿಯ ಮೇಲೆ ಗೌರವ ಬಂತು. ಗೌರವ ಬಂದು ಏನು ಪ್ರಯೋಜನ? ಒಳಗೆ ಹೋಗಿ ಬಸವರಾಜನಿಗೆ ಹೇಳಬೇಕಾದ ಮಾತನ್ನು ಹೇಳಲಿಲ್ಲ. ಹೇಳಿದ್ದು ಇಷ್ಟೇ: ‘ಟೀಚರಮ್ಮನ ಫೋಟೊ ಬಣ್ಣ ಸರಿಮಾಡಿ, ಮದುವೆ ಆಲ್ಬಮ್ ಥರ ಕ್ಲೀನಾಗಿ ಕೊಡಪ್ಪ.’

ಶುಕ್ರವಾರ ಸಂಜೆ ಮೇಡಂ, ರತ್ನ ಇಬ್ಬರೂ ಬಂದರು. ಪ್ರದರ್ಶನ ಮರುದಿನ ಬೆಳಿಗ್ಗೆ. ಬಸವರಾಜ ಹೊಸ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೌಂಟರಿನ ಮೇಲೆ ಹಾಸಿದ. ಎಂಥ ಕಪ್ಪು! ಕಾಡಿಗೆಯಂಥ ಕಪ್ಪು. ಅದರ ಮೇಲೆ ದೊಡ್ಡ ದೊಡ್ಡ ಚಕ್ಕುಲಿಗಳು ಫಳಫಳ ಹೊಳೆಯುತ್ತಿದ್ದವು. ರತ್ನ ತನ್ನ ಪ್ಲಾಸ್ಟಿಕ್ ಹಾಳೆಯನ್ನು ಮೂಲೆಗೆ ಮೂಲೆ ಕೂಡಿಸಿ ಇಟ್ಟಳು. ನಲವತ್ತೊಂದು ಸುತ್ತುಗಳ ಒಳಗೂ ಏನೂ ಇರಲಿಲ್ಲ. ಹಾಳೆಯನ್ನು ಸ್ವಲ್ಪ ಎಡಕ್ಕೆ ಸರಿಸಿದಳು. ಬಲಕ್ಕೆ ಸರಿಸಿದಳು. ತಲೆಕೆಳಗು ಮಾಡಿದಳು.

‘ಇಲ್ಲಿದ್ದವು ಎಲ್ಲಿ?’ ಎಂದರು ಮೇಡಂ.

‘ಯಾವ್ರೀ? ಆ ಕೆಂಪನವು?’ ಬಸವರಾಜನ ಮುಖ ಅರಳಿತು. ತನ್ನ ಕೆಲಸವನ್ನು ಇಷ್ಟು ಹತ್ತಿರದಿಂದ ಗಮನಿಸಿದ ಗಿರಾಕಿ ಅವನಿಗೆ ಸಿಕ್ಕಿರಲೇ ಇಲ್ಲ. ‘ಭಾಳ ಧೂಳ ಇತ್ರಿ ಮೇಡಮ್ರ. ದೊಡ್ಡವು ಇರಲಿ, ನಕ್ಷತ್ರ ಅಂತ ಬಿಟ್ಟೇನ್ರಿ. ಈ ಸಣ್ಣ ಕೆಂಪನವು ಎಲ್ಲಾ ಕಡೆ ಕುಂತಿದ್ವು. ಎರಡು ದಿನ ಕುಂತು ಒಂದೂ ಬಿಡಲಾರದಂಗ ತಗದೇನ್ರಿ.’

ಜಗತ್ತಿನ ಮೊದಲ ಗ್ಯಾಲಕ್ಸಿಗಳನ್ನು ನಾವು ಮೊಡವೆಯ ಲೆಕ್ಕದಲ್ಲಿ ತೆಗೆದುಹಾಕಿದ್ದೆವು. ಸಾವಿರ ಕೋಟಿ ವರ್ಷ ಎಲ್ಲೂ ನಿಲ್ಲದೆ, ಯಾವುದಕ್ಕೂ ತಾಗದೆ ಬಂದ ಬೆಳಕು ಜಯನಗರದಲ್ಲಿ ನನ್ನ ಅಂಗಡಿಯ ಒಳಕೋಣೆ ದಾಟಲಾಗದೆ ಹೋಯಿತು. ಕಂಪ್ಯೂಟರಿನಲ್ಲಿದ್ದ ಮೂಲ ಹೋಗಿತ್ತು, ಬಸವರಾಜ ತಿದ್ದಿದ್ದನ್ನು ಅದರ ಮೇಲೇ ಉಳಿಸಿದ್ದ. ಸೀಡಿಯಲ್ಲಿ? ನನ್ನ ಎರಡನೇ ನಿಯಮ ಅಲ್ಲಿಯೂ ಕೆಲಸ ಮುಗಿಸಿತ್ತು. ಮೇಡಂ ಅವರ ಅಣ್ಣ ಸಂಸಾರ ಸಮೇತ ತಿರುಪತಿಗೆ ಹೋಗಿದ್ದರು. ನೆಟ್ಟಿನಿಂದ ಇಳಿಸಿಕೊಡು ಎಂದು ಎದುರುಗಡೆಯ ಸೈಬರ್ ಕೆಫೆಯವನನ್ನು ಕೇಳಿದರೆ, ‘ಅಷ್ಟು ದೊಡ್ಡ ಫೈಲಾ? ನಾಳೆ ಸಾಯಂಕಾಲ ಬನ್ನಿ ಸಾರ್, ಕರೆಂಟ್ ಇದ್ರೆ’ ಎಂದ.

ಬಸವರಾಜನ ಮುಖ ಈಗ ಆ ಪ್ರಿಂಟಿಗಿಂತ ಕಪ್ಪಾಗಿತ್ತು. ‘ನಂದು ತಪ್ಪಾತ್ರಿ’ ಎಂದ. ಅವನದ್ದಲ್ಲ, ನನ್ನದು. ಆದರೆ ಅದನ್ನು ಗಿರಾಕಿಯ ಎದುರು ಹೇಳುವ ಅಭ್ಯಾಸ ನನಗಿರಲಿಲ್ಲ. ಹೇಳಿದೆ.

ರತ್ನ ಅಳಲಿಲ್ಲ. ‘ಅಂಕಲ್, ನಾನು ಗುರುತು ಹಾಕಿದ್ನಲ್ಲ, ಆ ಹಳೇ ಹಸಿರು ಪ್ರಿಂಟು ಎಲ್ಲಿ?’ ಎಂದಳು.

ಎಲ್ಲಿ? ನೆನಪಾಯಿತು. ಅಂಗಡಿಯಲ್ಲಿ ಕೆಟ್ಟ ಪ್ರಿಂಟುಗಳನ್ನು ಲಲಿತಾ ಮನೆಗೆ ಒಯ್ಯುತ್ತಾಳೆ. ದಪ್ಪ ಕಾಗದ, ಶೆಲ್ಫಿಗೆ ಹಾಸಲು ಚೆನ್ನ. ನಮ್ಮ ಅಡುಗೆಮನೆಯಲ್ಲಿ ಬೇಳೆ ಡಬ್ಬಿಗಳ ಕೆಳಗೆ ಊರಿನ ಅರ್ಧ ಮದುಮಕ್ಕಳು ಮಲಗಿದ್ದಾರೆ. ರತ್ನಾಳ ಎಣಿಕೆ ಮುಗಿದ ದಿನವೇ ಈ ಪ್ರಿಂಟನ್ನು ನೋಡಿ, ‘ಕಪ್ಪಗಿದೆ, ಎಣ್ಣೆ ಕಲೆ ಗೊತ್ತಾಗಲ್ಲ’ ಎಂದು ದೇವರ ಗೂಡಿಗೆ ಹಾಸಿದ್ದಳು.

ನಾಲ್ವರೂ ಬನಶಂಕರಿ ಎರಡನೇ ಸ್ಟೇಜಿನ ಮನೆಗೆ ಎರಡು ಆಟೊ ಮಾಡಿಕೊಂಡು ಹೋದೆವು. ಆಟೊದವನ ಹತ್ತಿರ ನಾನು ಚೌಕಾಸಿ ಮಾಡಲಿಲ್ಲ ಎಂದರೆ ಪರಿಸ್ಥಿತಿ ನಿಮಗೆ ಅರ್ಥವಾಗಬೇಕು. ಲಲಿತಾ ಆಗತಾನೇ ದೀಪ ಹಚ್ಚಿ ಕೈಮುಗಿದು ಏಳುತ್ತಿದ್ದಳು. ಗಣಪತಿ, ಲಕ್ಷ್ಮಿ, ಅಜ್ಜಿಯ ಕಾಲದ ಅನ್ನಪೂರ್ಣೆ ಎಲ್ಲರೂ ಗ್ಯಾಲಕ್ಸಿಗಳ ಮೇಲೆ ನೆಮ್ಮದಿಯಾಗಿ ಕೂತಿದ್ದರು. ವಿಷಯ ಹೇಳಿದೆ.

‘ಶುಕ್ರವಾರ ದೀಪ ಹಚ್ಚಿದ ಮೇಲೆ ದೇವರನ್ನ ಅಲುಗಾಡಿಸ್ತಾರಾ ಯಾರಾದ್ರೂ?’

‘ಒಂದೇ ನಿಮಿಷ ಕಣೇ, ಹಂಗೆ ಎತ್ತಿ ಹಿಂಗೆ ಕಾಗದ ಎಳೆದು...’

‘ನೀವು ಮಲಗಿದ್ದಾಗ ಹಂಗೆ ಎತ್ತಿ ಹಿಂಗೆ ಚಾಪೆ ಎಳೀಲಾ?’

ಬೆಳಿಗ್ಗೆ ಬೇಗ ಎತ್ತಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ದೀಪ ತಾನಾಗಿ ಶಾಂತವಾಗಿ, ಬೆಳಿಗ್ಗೆ ಸ್ನಾನ ಪೂಜೆ ಮುಗಿದು, ಆಮೇಲೆ ಎಂದಳು. ಅಷ್ಟರಲ್ಲಿ ಪ್ರದರ್ಶನದ ತೀರ್ಪುಗಾರರು ಊಟ ಮಾಡಿ ಮನೆಗೆ ಹೋಗಿರುತ್ತಾರೆ. ಜೀವಮಾನವೆಲ್ಲ ಚೌಕಾಸಿ ಮಾಡಿ ಬದುಕಿದವನು ನಾನು, ಆದರೆ ಹೆಂಡತಿ ಮತ್ತು ದೇವರು ಒಂದೇ ಕಡೆ ನಿಂತರೆ ನನ್ನ ವಿದ್ಯೆ ನಡೆಯುವುದಿಲ್ಲ.

‘ಆಂಟಿ, ಅದು ಬರೀ ಕಾಗದ ಅಲ್ಲ’ ಎಂದಳು ರತ್ನ. ‘ಎಲ್ಲಕ್ಕಿಂತ ಮೊದಲು ಹತ್ತಿಕೊಂಡ ದೀಪಗಳು ಅದರಲ್ಲಿವೆ.’

‘ಹಾಗಾದ್ರೆ ಸರಿಯಾದ ಜಾಗದಲ್ಲೇ ಇದೆಯಲ್ಲಮ್ಮ.’

ಆಗ ಮೇಡಂ ಬಾಯಿ ಬಿಟ್ಟರು. ಬೆಳಕು, ವರ್ಷ ಯಾವುದನ್ನೂ ಎತ್ತಲಿಲ್ಲ. ಅಪ್ಪ ಮಗಳ ಒಪ್ಪಂದವನ್ನಷ್ಟೇ ಹೇಳಿದರು. ಲಲಿತಾ ಪೂರ್ತಿ ಕೇಳಿಸಿಕೊಂಡು, ‘ಗಲ್ಲಾ ಮೇಲೆ ಕೂರಿಸ್ತಾರಂತಾ?’ ಎಂದಳು. ನಮ್ಮ ಸ್ಟುಡಿಯೋದ ಗಲ್ಲಾ ಮೇಲೆ ಹತ್ತು ವರ್ಷ ಕೂತವಳು ಅವಳೇ. ಬಿಎಸ್ಸಿಗೆ ಸೀಟು ಸಿಕ್ಕಿದ್ದವಳು ಎಂಬುದನ್ನು ಅವಳ ಅಣ್ಣ ಮದುವೆಯ ದಿನ ನನಗೆ ಹೇಳಿದ್ದ. ನಾನು ಆ ಹೊತ್ತಿನಲ್ಲಿ ಗಣಪತಿಯ ಕಡೆ ನೋಡುತ್ತ ನಿಂತೆ.

ಅವಳು ಮತ್ತೆ ಕೈಕಾಲು ತೊಳೆದು ಬಂದಳು. ಒಂದು ಮಂಗಳಾರತಿ ಎತ್ತಿದಳು. ದೇವರಿಗೆ ಏನೋ ಹೇಳಿದಳು, ನಮಗೆ ಕೇಳಿಸಲಿಲ್ಲ. ಮಣೆ ಹಾಕಿ, ಉರಿಯುವ ದೀಪವನ್ನು ಮೊದಲು ಇಳಿಸಿ, ಒಬ್ಬೊಬ್ಬರನ್ನೇ ಎತ್ತಿ ಕೂರಿಸಿದಳು. ಬರಿಯ ಕಲ್ಲಿನ ಮೇಲೆ ಮತ್ತೆ ಕೂರಿಸುವುದು ಹೇಗೆ ಎಂದಾಗ ನಾನು ಕಂಕುಳಲ್ಲಿದ್ದ ಹೊಸ ಪ್ರಿಂಟನ್ನು ಕೊಟ್ಟೆ.

‘ಇದ್ಯಾವುದು?’

‘ಅದೇ ಬ್ರಹ್ಮಾಂಡ. ತೊಳೆದದ್ದು.’

ಹಳೆಯ ಪ್ರಿಂಟನ್ನು ಊಟದ ಮೇಜಿನ ಮೇಲೆ ಹಾಸಿ ನೋಡಿದರೆ ಹೊಸ ಸಂಕಟ. ಒಂದು ಕಡೆ ದೀಪದ ಬುಡದ ಎಣ್ಣೆಯ ಉಂಗುರ. ಅರಿಶಿನ, ಕರ್ಪೂರದ ಮಸಿ, ಒಂದು ತುಳಸಿ ಎಲೆಯ ಗುರುತು. ಅವೆಲ್ಲ ಹೋಗಲಿ, ಎಲ್ಲ ಕಡೆ ಕುಂಕುಮ! ಎಣ್ಣೆಯಲ್ಲಿ ನೆನೆದು ಅಂಟಿಕೊಂಡ ಕುಂಕುಮದ ಸಣ್ಣ ಸಣ್ಣ ಕೆಂಪು ಚುಕ್ಕೆಗಳು, ಅತಿ ಹಳೆಯ ಗ್ಯಾಲಕ್ಸಿಗಳನ್ನು ಅಚ್ಚು ಹಾಕಿದಂತೆ.

ರತ್ನ ಪ್ಲಾಸ್ಟಿಕ್ ಹಾಳೆ ಇಟ್ಟಳು. ಸುತ್ತಿನ ಒಳಗಿರುವುದು ಆಕಾಶ, ಹೊರಗಿರುವುದು ನಮ್ಮ ಮನೆಯದು. ಒಂದೊಂದನ್ನೇ ಅವಳು ತೋರಿಸುವುದು, ಬಸವರಾಜ ಒದ್ದೆ ಹತ್ತಿಯಲ್ಲಿ ಒರೆಸುವುದು. ಎರಡು ದಿನ ಕೂತು ಒಂದನ್ನೂ ಬಿಡದೆ ತೆಗೆದ ಮಹಾನುಭಾವ ಈಗ ಪ್ರತಿ ಚುಕ್ಕೆಗೂ ಕೈ ತಡೆದು ಕೇಳುತ್ತಿದ್ದ.

‘ಇದ ತಗೀಲೇನ್ರಿ?’

‘ತೆಗೀರಿ, ಕುಂಕುಮ.’

‘ಇದ್ರಿ?’

‘ಅಯ್ಯೋ, ಅದು ಬೇಡ! ಅದು ಮೂವತ್ತಾರನೇದು!’

‘ಬಿಟ್ಟೇನ್ರಿ, ಬಿಟ್ಟೇನ್ರಿ.’

ಲಲಿತಾ ಎಲ್ಲರಿಗೂ ಉಪ್ಪಿಟ್ಟು ಕೊಟ್ಟಳು. ಮೇಡಂ ಎರಡನೇ ಸಲ ಹಾಕಿಸಿಕೊಂಡು, ‘ನನ್ನ ಇಪ್ಪತ್ತು ವರ್ಷದ ಸರ್ವೀಸಲ್ಲಿ ಯೂನಿವರ್ಸ್‌ನ ಇಷ್ಟು ಕ್ಲೀನ್ ಮಾಡಿರಲಿಲ್ಲ’ ಎಂದರು. ಊಟದ ಹೊತ್ತಿಗೆ ಕೆಲಸ ಮುಗಿಯಿತು.

ಮರುದಿನ ಶಾಲೆಯ ಹಾಲಿನಲ್ಲಿ ರತ್ನಾಳ ಮೇಜು ಜ್ವಾಲಾಮುಖಿಯ ಮತ್ತು ಅಣೆಕಟ್ಟಿನ ಮಧ್ಯೆ. ಜ್ವಾಲಾಮುಖಿ ಅಡುಗೆ ಸೋಡಾ ಹಾಕಿದಾಗಲೆಲ್ಲ ಬುಸ್ಸೆಂದು ಕೆಂಪು ನೊರೆ ಕಾರುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಗ್ಯಾಲಕ್ಸಿಗಳು ಏನನ್ನೂ ಕಾರಲಿಲ್ಲ. ತೀರ್ಪುಗಾರರು ಒಬ್ಬ ಕಾಲೇಜ್ ಲೆಕ್ಚರರ್. ಬಗ್ಗಿ ನೋಡಿದರು, ಮೂಗು ಅರಳಿಸಿದರು.

‘ಇದ್ಯಾಕಮ್ಮ ಕರ್ಪೂರದ ವಾಸನೆ ಬರ್ತಿದೆ?’

ಏನೂ ಹೇಳಬೇಡ, ನಕ್ಕು ಸುಮ್ಮನಾಗು ಎಂದು ನಾನು ಬೆಳಿಗ್ಗೆಯೇ ಬುದ್ಧಿ ಹೇಳಿದ್ದೆ. ಅವಳು ಧೂಳು, ದೇವರ ಗೂಡು, ಕುಂಕುಮ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಜೋರಾಗಿ ನಕ್ಕು, ‘ಹಾಗಾದ್ರೆ ಒಂದು ಕೆಂಪು ಚುಕ್ಕೆ ನಿಜವಾಗಿ ದೂರದ್ದು ಅಂತ ವಿಜ್ಞಾನಿಗಳಿಗೆ ಹೇಗೆ ಗೊತ್ತಾಗುತ್ತೆ?’ ಎಂದರು.

‘ಬೇರೆ ಬೇರೆ ಬಣ್ಣದ ಗಾಜಿನ ಮೂಲಕ ಅದೇ ಜಾಗದ ಫೋಟೊ ತೆಗೀತಾರೆ ಸಾರ್. ನೀಲಿ ಗಾಜಿನ ಫೋಟೊದಲ್ಲಿ ಇರಲ್ಲ, ಕೆಂಪು ಗಾಜಿನದ್ರಲ್ಲಿ ಇರುತ್ತೆ. ಹಂಗೆ ಮಾಯ ಆಗೋದೇ ಗುರುತು.’

ಮಾಯವಾಗುವುದೇ ಗುರುತಾದರೆ ನಮ್ಮ ಬಸವರಾಜನಿಗೆ ಅರ್ಧ ವಿಜ್ಞಾನ ಆಗಲೇ ಗೊತ್ತಿತ್ತು. ಲೆಕ್ಚರರು ತಲೆಯಾಡಿಸಿ ಬರೆದುಕೊಂಡರು. ಮಧ್ಯಾಹ್ನ ಫಲಿತಾಂಶ ಹೇಳಿದರು. ಜ್ವಾಲಾಮುಖಿ ಫಸ್ಟ್. ರತ್ನ ಸೆಕೆಂಡ್.

ಮುನಿರಾಜಪ್ಪ ಹಾಲಿನ ಹಿಂಭಾಗದಲ್ಲಿ ನಿಂತಿದ್ದರು. ಬಿಳಿ ಶರ್ಟು, ಬಿಳಿ ಪಂಚೆ, ಕೈಯಲ್ಲಿ ಬೈಕಿನ ಕೀ. ನಿಧಾನವಾಗಿ ಮೇಜಿನ ಹತ್ತಿರ ಬಂದರು.

‘ಸೆಕೆಂಡಾ? ಒಳ್ಳೇದಾಯ್ತು ಬಿಡು. ಆಡಿದ ಮಾತು ನೆನಪೈತಲ್ಲ?’

‘ಐತೆ’ ಎಂದಳು ರತ್ನ. ಸುತ್ತು ಹಾಕಿದ ಹಾಳೆಯನ್ನು ಸುರುಳಿ ಸುತ್ತತೊಡಗಿದಳು. ಅವಳು ಇನ್ನೊಂದು ಮಾತಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಆಡಲಿಲ್ಲ. ಆಡಿದ ಮಾತಿಗೆ ನಿಲ್ಲುವ ವ್ಯಾಪಾರಿ ಅವಳು.

ನಾನು ನಡುವೆ ಬಿದ್ದೆ. ನನ್ನ ಅಂಗಡಿಯ ತಪ್ಪಿನಿಂದ ಎಣ್ಣೆ ಕಾಗದ ಇಟ್ಟುಕೊಂಡು ನಿಲ್ಲಬೇಕಾಯಿತು, ಇಲ್ಲದಿದ್ದರೆ ಹುಡುಗಿ ಫಸ್ಟೇ ಬರುತ್ತಿದ್ದಳು ಎಂದೆ. ಮುನಿರಾಜಪ್ಪ ಅಲ್ಲಾಡಲಿಲ್ಲ. ಮಾಘದಲ್ಲಿ ಅವರ ದೊಡ್ಡ ಮಗಳ ಮದುವೆ ಎಂದು ಮೇಡಂ ಬೆಳಿಗ್ಗೆ ಹೇಳಿದ್ದರು. ‘ಮದುವೆ ಆಲ್ಬಮ್ ನಂದು, ಒಂದು ಕಾಸೂ ಬೇಡ. ಇವಳಿಗೆ ಸೈನ್ಸ್ ಕೊಡಿಸಿ’ ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಕೇಳಿ ಬಸವರಾಜ ಗೋಡೆ ಹಿಡಿದುಕೊಂಡ.

ಮುನಿರಾಜಪ್ಪ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಮಗಳ ಕೈಯಿಂದ ಹಾಳೆ ತೆಗೆದುಕೊಂಡು, ‘ಅದೇನು ಒಂದು ವಾರದಿಂದ ಎಣಿಸ್ತಿದ್ದೆ, ತೋರಿಸು’ ಎಂದು ಚಿತ್ರದ ಮೇಲೆ ಹಾಸಿ ಬಗ್ಗಿದರು. ಒಟ್ಲು ಪಾತಿಯಲ್ಲಿ ಎದ್ದ ಸಸಿಗಳನ್ನು ನೋಡಿಯೇ ಇಷ್ಟೆಂದು ಹೇಳುತ್ತಿದ್ದ ಕಣ್ಣು ಅದು. ಭೂತಗನ್ನಡಿ ಕೊಟ್ಟರೆ ಬೇಡವೆಂದರು. ತುಟಿ ಅಲ್ಲಾಡಿಸುತ್ತ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು.

‘ನಲವತ್ತೆರಡು.’

‘ನಲವತ್ತೊಂದು ಅಪ್ಪ.’

‘ನಲವತ್ತೆರಡು. ಇಲ್ಲೊಂದು ಐತೆ ನೋಡು, ಈ ದೊಡ್ಡದರ ಪಕ್ಕದಲ್ಲಿ.’

‘ಅದು ಕುಂಕುಮ ಇರ್ಬೇಕು.’

‘ಒರಸಲೇನ್ರಿ?’ ಎಂದ ಬಸವರಾಜ, ಅಭ್ಯಾಸಬಲದಿಂದ. ‘ಬೇಡ!’ ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು. ಆಮೇಲೆ ಮೇಡಂ ಯೋಚಿಸಿ, ‘ಒರೆಸಿ, ಮೆತ್ತಗೆ’ ಎಂದರು. ಹತ್ತಿ ಒದ್ದೆ ಮಾಡಿ ಒರೆಸಿದ. ಹೋಗಲಿಲ್ಲ. ಸ್ವಲ್ಪ ಒತ್ತಿ ಒರೆಸಿದ. ಹೋಗಲಿಲ್ಲ. ರತ್ನ ಭೂತಗನ್ನಡಿಗೆ ಕಣ್ಣು ಹಚ್ಚಿ ಬಹಳ ಹೊತ್ತು ಬಗ್ಗಿದ್ದಳು. ಎದ್ದಾಗ ಅವಳ ಮುಖದ ಬಣ್ಣವೇ ಬೇರೆ.

‘ಇದೆ’ ಎಂದಳು. ಮೇಡಂ ಕೂಡ ನೋಡಿ, ‘ಇರೋ ಹಾಗೇ ಇದೆ’ ಎಂದರು.

‘ವಾರವೆಲ್ಲ ಎಣಿಸಿ ಒಂದು ಬಿಟ್ಟಿದೀಯಲ್ಲ’ ಎಂದರು ಮುನಿರಾಜಪ್ಪ. ‘ಗಲ್ಲಾ ಮೇಲೆ ಕೂತು ಹಿಂಗೆ ಎಣಿಸಿದ್ರೆ ನನ್ನ ಅಂಗಡಿ ಉಳಿತದಾ? ಬೇಡ ನಮ್ಮವ್ವ, ನೀನು ಸೈನ್ಸೇ ಓದ್ಕೋ ಹೋಗು.’ ಎರಡು ಹೆಜ್ಜೆ ಹೋಗಿ ನನ್ನ ಕಡೆ ತಿರುಗಿದರು. ‘ಸ್ಟುಡಿಯೋದವರೇ, ಆಲ್ಬಮ್ ದೊಡ್ಡ ಸೈಜಲ್ಲೇ ಇರ್ಲಿ.’

ಅಪ್ಪ ತಾನಾಗಿ ಒಪ್ಪಿದ ಮೇಲೆ ನನ್ನ ಆಲ್ಬಮ್ ಯಾವ ಲೆಕ್ಕಕ್ಕೆ ಎಂದು ಕೇಳೋಣವೆಂದು ಬಾಯಿ ತೆರೆದೆ. ನ್ಯಾಯವಾಗಿ ನನಗೆ ಆ ಹಕ್ಕಿತ್ತು. ಅಷ್ಟರಲ್ಲಿ ರತ್ನ ಸ್ಕೆಚ್ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ನಲವತ್ತೆರಡನೆಯ ಸುತ್ತು ಹಾಕುತ್ತಿದ್ದಳು. ಬಾಯಿ ಮುಚ್ಚಿಕೊಂಡೆ.